ಒಂದು ಅಚ್ಚಿನ ಮೇಲಿನ ಗೀರುಗಳು

ಯಾರಾದರೂ ನೋವು ಅಂದರೆ ನಾನು ಮೊದಲ ಸಲಕ್ಕೆ ನಂಬುವವನಲ್ಲ. ಇದು ಕಸುಬಿನಿಂದ ಹತ್ತಿದ ಚಾಳಿ. ಮೂವತ್ತು ವರ್ಷದಿಂದ ಜಯನಗರದ ಒಂದು ಕಾರ್ಯಾಗಾರದಲ್ಲಿ ಕೃತಕ ಕಾಲು ಮಾಡುತ್ತಿದ್ದೇನೆ. ಹೊಸ ಕಾಲು ಹಾಕಿಕೊಂಡವರೆಲ್ಲ ನೋವು ಅಂತಲೇ ಅನ್ನುತ್ತಾರೆ. ಕೆಲವರಿಗೆ ನಿಜವಾಗಿಯೂ ನೋವು. ಕೆಲವರಿಗೆ ಭಯ. ಕೆಲವರಿಗೆ ಮನೆಯವರ ಮೇಲಿನ ಸಿಟ್ಟು ಕಾಲಿಗೆ ಇಳಿದಿರುತ್ತದೆ. ಇನ್ನು ಕೆಲವರಿಗೆ ಕೆಲಸಕ್ಕೆ ವಾಪಸ್ ಹೋಗಲು ಮನಸ್ಸಿರುವುದಿಲ್ಲ. ಯಾರದು ಯಾವುದು ಅಂತ ಮುಖ ನೋಡಿಯೇ ಹೇಳಬಲ್ಲೆ ಅನ್ನುವ ಜಂಬ ನನಗಿತ್ತು. ಮನೆಯಲ್ಲೂ ಅದೇ ಬುದ್ಧಿ. ನೀವು ದೇವಸ್ಥಾನದ ಪ್ರಸಾದವನ್ನೂ ಮೂಸಿ ನೋಡಿ ಬಾಯಿಗೆ ಹಾಕಿಕೊಳ್ಳುವವರು ಅಂತ ನನ್ನ ಹೆಂಡತಿ ಹಂಗಿಸುತ್ತಾಳೆ. ಹಂಗಿಸಲಿ. ಹಳಸಿದ ಪುಳಿಯೋಗರೆ ತಿಂದು ಎರಡು ದಿನ ಮಲಗಿದವಳು ಅವಳು, ನಾನಲ್ಲ.

ಇಸ್ತ್ರಿಯವನನ್ನೂ ಹೀಗೇ ಮುಖ ನೋಡಿ ಅಳೆದುಬಿಟ್ಟಿದ್ದೆ. ಜೆ.ಪಿ. ನಗರದ ಒಂದು ಅಡ್ಡರಸ್ತೆಯಲ್ಲಿ ಹೊಂಗೆಮರದ ಕೆಳಗೆ ಗಾಡಿ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುವವನು, ವಯಸ್ಸು ಐವತ್ತರ ಆಸುಪಾಸು. ನೀರಿನ ಟ್ಯಾಂಕರ್ ಹರಿದು ಬಲಗಾಲು ಮಂಡಿಯ ಕೆಳಗೆ ಹೋಗಿತ್ತು. ಅಂದಿನಿಂದ ಗಾಡಿಯ ಮುಂದೆ ಅವನ ಹೆಂಡತಿ ನಿಲ್ಲುತ್ತಿದ್ದಳು. ಅವನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಬಟ್ಟೆ ಮಡಚುತ್ತಿದ್ದ. ಮೊದಲ ದಿನ ನನ್ನ ಹತ್ತಿರ ಬಂದಾಗ ಅವನು ಕೇಳಿದ್ದು ಒಂದೇ ಮಾತು: ಓಡುವುದು ಬೇಡ, ಮೆಟ್ಟಿಲು ಹತ್ತುವುದೂ ಬೇಡ, ಗಾಡಿಯ ಮುಂದೆ ಮೊದಲಿನ ಹಾಗೆ ನಿಲ್ಲುವಂತಾದರೆ ಸಾಕು. ಇಷ್ಟು ಸಣ್ಣ ಆಸೆ ಇಟ್ಟುಕೊಂಡು ಬರುವವರು ಕಡಿಮೆ. ನಿಲ್ಲಿಸ್ತೀನಿ ಬಿಡಪ್ಪ ಅಂದಿದ್ದೆ.

ಕಾಲು ಕೊಟ್ಟು ಹದಿನೈದು ದಿನಕ್ಕೆ ವಾಪಸ್ ಬಂದ. ಮಂಡಿಯ ಕೆಳಗೆ, ಹೊರಬದಿಗೆ, ಬೆಂಕಿ ಇಟ್ಟ ಹಾಗೆ ಉರಿಯುತ್ತದೆ ಅಂದ. ನೋಡಿದೆ. ಚರ್ಮ ಕೆಂಪಗಾಗಿತ್ತು. ಮೊದಲ ತಿಂಗಳು ಎಲ್ಲರಿಗೂ ಕೆಂಪಗಾಗುತ್ತದೆ, ಅಭ್ಯಾಸವಾಗಲಿ ಅಂತ ಕಳಿಸಿದೆ. ಎರಡನೇ ಸಲ ಬಂದಾಗ ಇನ್ನೊಂದು ಕಾಲುಚೀಲ ಕೊಟ್ಟೆ. ಮೂರನೇ ಸಲ ಹೆಂಡತಿಯನ್ನು ಕರೆದುಕೊಂಡು ಬಂದ. ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಅವನ ಬಗ್ಗೆ ತೀರ್ಮಾನ ಆಗಿಹೋಗಿತ್ತು. ಒಂದು ವರ್ಷ ಕೂತು ತಿಂದ ಮೈ, ನಿಲ್ಲಲು ಒಲ್ಲೆ ಅನ್ನುತ್ತಿದೆ. ಹೆಂಡತಿ ದುಡಿಯುತ್ತಿದ್ದಾಳೆ, ಇವನಿಗೆ ಸ್ಟೂಲು ಸುಖವಾಗಿದೆ. ಅದನ್ನು ಅವನಿಗೆ ಹೇಳದೆ ಅವಳಿಗೇ ಹೇಳಿದೆ.

"ಕಾಲು ಸರಿಯಾಗೇ ಇದೆಯಮ್ಮ. ಇವನಿಗೆ ನಿಲ್ಲೋ ಮನಸ್ಸಿಲ್ಲ, ಅಷ್ಟೇ."

ಅವಳು ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. ತಪ್ಪು ಸಿಕ್ಕಿಬಿದ್ದವರು ನೆಲ ನೋಡುತ್ತಾರೆ ಅಂತ ನಾನು ಅಂದುಕೊಂಡೆ. ನಾಲ್ಕನೇ ಸಲ ಒಬ್ಬನೇ ಬಂದ, ಒಳಗೆ ಬರದೆ ಬಾಗಿಲಲ್ಲೇ ನಿಂತಿದ್ದು ಹೋದ. ಆಮೇಲೆ ಬರಲಿಲ್ಲ. ಒಂದು ದಿನ ನಾನು ಸ್ಕೂಟರಿನಲ್ಲಿ ಆ ರಸ್ತೆಯಲ್ಲಿ ಹೋಗುವಾಗ ನೋಡಿದರೆ ಸ್ಟೂಲಿನ ಮೇಲೆ ಕೂತಿದ್ದ, ಪ್ಯಾಂಟಿನ ಬಲಗಾಲು ಮಡಚಿ ಪಿನ್ನು ಹಾಕಿತ್ತು. ನಾನು ಮಾಡಿದ ಕಾಲು ಅವನ ಮೈಮೇಲಿರಲಿಲ್ಲ. ನನಗೆ ಮೈ ಉರಿದುಹೋಯಿತು. ಅವನ ಕಡೆ ತಿರುಗಿ ನೋಡದೆ ಸ್ಕೂಟರ್ ಓಡಿಸಿಕೊಂಡು ಜರಗನಹಳ್ಳಿಯ ಮನೆ ಸೇರಿದೆ.

ಇದಾಗಿ ಒಂದೂವರೆ ತಿಂಗಳಿಗೆ ಆಯುಧಪೂಜೆ ಬಂತು. ನಮ್ಮ ಕಾರ್ಯಾಗಾರದಲ್ಲಿ ಆಯುಧಪೂಜೆಯ ಹಿಂದಿನ ದಿನ ಹಳೆಯ ಅಚ್ಚುಗಳನ್ನೆಲ್ಲ ಒಡೆಯುವುದು ರೂಢಿ. ಅಚ್ಚು ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಉಳಿದ ಕಾಲಿಗೆ ತೆಳುವಾದ ಹತ್ತಿಯ ಚೀಲ ಹಾಕಿ, ಅದರ ಮೇಲೆ ಒದ್ದೆಯಾದರೆ ನೇರಳೆ ಬಣ್ಣ ಬಿಡುವ ಪೆನ್ಸಿಲಿನಿಂದ ಮೂಳೆ ಇರುವ ಕಡೆಯೆಲ್ಲ ಗುರುತು ಹಾಕುತ್ತೇವೆ. ಮೇಲೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತೇವೆ. ಅದು ಗಟ್ಟಿಯಾದ ಮೇಲೆ ಬಿಚ್ಚಿ, ಟೊಳ್ಳಿನೊಳಗೆ ಪ್ಲಾಸ್ಟರ್ ಕಲಸಿ ಸುರಿದರೆ ಆ ಕಾಲಿನದೇ ಆಕಾರದ ಬಿಳಿ ಅಚ್ಚು ಬರುತ್ತದೆ, ಪೆನ್ಸಿಲ್ ಗುರುತುಗಳ ಸಮೇತ. ಆಮೇಲಿನದು ಕೈಕೆಲಸ. ಭಾರ ಹೊರಬಲ್ಲ ಜಾಗವನ್ನು ಅರದಿಂದ ಉಜ್ಜಿ ತೆಗೆಯಬೇಕು. ಭಾರ ತಡೆಯದ ಮೂಳೆಯ ಮೇಲೆ ಇನ್ನಷ್ಟು ಪ್ಲಾಸ್ಟರ್ ಮೆತ್ತಿ ಸಣ್ಣ ದಿಬ್ಬ ಮಾಡಬೇಕು. ಅಚ್ಚಿನ ಮೇಲೆ ದಿಬ್ಬವಿದ್ದರೆ, ಅದರ ಮೇಲೆ ಎಳೆದ ಬಿಸಿ ಪ್ಲಾಸ್ಟಿಕ್ಕಿನಲ್ಲಿ ಗುಳಿಯಾಗುತ್ತದೆ, ಮೂಳೆ ಆ ಗುಳಿಯೊಳಗೆ ನೆಮ್ಮದಿಯಾಗಿ ಇರುತ್ತದೆ. ಕಾಲು ತಯಾರಾದ ಮೇಲೂ ಅಚ್ಚುಗಳನ್ನು ಕೆಲವು ತಿಂಗಳು ಇಟ್ಟಿರುತ್ತೇವೆ. ಆಮೇಲೆ ಜಾಗ ಬೇಕಲ್ಲ, ಸುತ್ತಿಗೆ ತಗೊಂಡು ಒಡೆಯುತ್ತೇವೆ.

ಆ ದಿನ ಒಬ್ಬ ಹುಡುಗಿ ಬಂದಳು. ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು, ಧಾರವಾಡದ ಕಡೆಯವಳು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ರೂಮು. ಹಗಲು ಯಾವುದೋ ಕಂಪನಿಗೆ ಚಿತ್ರ ಬಿಡಿಸಿಕೊಡುತ್ತಾಳಂತೆ, ಉಳಿದ ಹೊತ್ತಿನಲ್ಲಿ ಕಲೆ. ಎಂಥ ಕಲೆ ಅಂದರೆ, ಪ್ಲಾಸ್ಟರು, ದಾರ, ಮಣ್ಣು, ಎಕ್ಸ್‌ರೇ, ಹಳೆಯ ಬಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ ಮಾಡುವುದು. ನಾವು ಒಡೆಯುವ ಅಚ್ಚುಗಳನ್ನು ತನಗೆ ಕೊಡಬೇಕು ಅಂದಳು.

ನನಗೆ ತಕ್ಷಣ ಅನುಮಾನ ಬಂತು. ಕಾಲಿಲ್ಲದವರ ಕಾಲು ಇಟ್ಟುಕೊಂಡು ಇವಳಿಗೆ ಏನಾಗಬೇಕು? ಜನರ ಎದುರು ಇಟ್ಟು ಅಯ್ಯೋ ಪಾಪ ಅನ್ನಿಸಿಕೊಳ್ಳುವುದಕ್ಕೋ, ಹೊರದೇಶದವರಿಗೆ ಮಾರುವುದಕ್ಕೋ? ಇದರಿಂದ ಏನು ತೋರಿಸ್ತೀಯಮ್ಮ ಅಂತ ಕೇಳಿದೆ. ಅವಳು ಒಂದು ಅಚ್ಚನ್ನು ಎತ್ತಿಕೊಂಡು ನೇರಳೆ ಗೆರೆಗಳ ಮೇಲೆ ಬೆರಳಾಡಿಸಿ, ಇವು ನಕ್ಷೆಯ ಹಾಗೆ ಇವೆ, ಊರಿನ ನಕ್ಷೆ, ಎಲ್ಲಿ ದಿಬ್ಬ ಎಲ್ಲಿ ತಗ್ಗು ಅಂತ ಬರೆದ ಹಾಗಿದೆ ಅಂದಳು. ದೇಹವೇ ಊರು, ಊರೇ ದೇಹ ಅಂತ ಏನೇನೋ ಹೇಳಿದಳು. ಮೂವತ್ತು ವರ್ಷ ನಾನು ಅದೇ ಗೆರೆ ಎಳೆದಿದ್ದೇನೆ, ಒಂದು ದಿನವೂ ನನಗೆ ಅದರಲ್ಲಿ ಊರು ಕಂಡಿಲ್ಲ. ಗೆರೆ ಇರುವುದು ಅಲ್ಲಿ ಮೂಳೆ ಇದೆ ಅಂತ. ಅಷ್ಟೇ.

ಆದರೂ ಕೊಟ್ಟೆ. ಯಾಕೆ ಅಂದರೆ, ಒಡೆಯುವ ಕೆಲಸ ತಪ್ಪುತ್ತಿತ್ತು. ಕರಾರು ಮಾತ್ರ ಬಿಗಿಯಾಗಿ ಹಾಕಿದೆ. ಅಚ್ಚಿನ ಮೇಲಿನ ನಂಬರುಗಳನ್ನು ನಾನೇ ಚಾಕುವಿನಿಂದ ಕೆರೆದು ತೆಗೆಯುತ್ತೇನೆ, ಇದು ಯಾರ ಕಾಲು ಅಂತ ಅವಳು ಕೇಳಬಾರದು, ನಾವು ಹೇಳುವುದಿಲ್ಲ, ಆಕಾರ ಕೆಡಿಸಬಾರದು. ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡಳು. ಬರೆದುಕೊಂಡವರೆಲ್ಲ ನಡೆದುಕೊಳ್ಳುತ್ತಾರೆ ಅಂತೇನಿಲ್ಲವಲ್ಲ. ಹನ್ನೆರಡು ಅಚ್ಚು ಆರಿಸಿಕೊಂಡು, ಎರಡು ಗೋಣಿಚೀಲಕ್ಕೆ ತುಂಬಿ, ಆಟೊದಲ್ಲಿ ಹಾಕಿಕೊಂಡು ಹೋದಳು. ಆಟೊದವನು ಚೀಲದೊಳಗೆ ಇಣುಕಿ ನೋಡಿ, ಇದೇನು ಮೇಡಂ ಅಂತ ಹಿಂದೆ ಸರಿದಿದ್ದು ನನಗೆ ಸ್ವಲ್ಪ ಖುಷಿ ಕೊಟ್ಟಿತು.

ಒಂದೂವರೆ ತಿಂಗಳಾದ ಮೇಲೆ ಯಾರೋ ಗಂಡಸು ಫೋನ್ ಮಾಡಿದ. ಆ ಹುಡುಗಿಯ ಮನೆ ಓನರ್ ಅಂತೆ. ಅವಳ ರೂಮಿನಲ್ಲಿ ನಲ್ಲಿ ರಿಪೇರಿಗೆ ಅಂತ ಹೋದರೆ ಮೊಂಡುಗಾಲುಗಳು ಸಾಲಾಗಿ ನಿಂತಿವೆ, ಕೆಂಪು ದಾರ ಸುತ್ತಿದೆ, ಸುತ್ತ ಮಣ್ಣಿನ ಗುಡ್ಡೆ. ಇನ್ನೆರಡು ದಿನಕ್ಕೆ ಅಮಾವಾಸ್ಯೆ ಬೇರೆ. ಕೇಳಿದರೆ ನಿಮ್ಮ ನಂಬರ್ ಕೊಟ್ಟಳು, ನೀವು ಯಾವ ಥರದ ಮಾಟ ಮಾಡುವವರು ಅಂತ ನೇರವಾಗಿ ಕೇಳಿದ. ಆ ಮನುಷ್ಯನ ಅನುಮಾನ ನನ್ನದಕ್ಕಿಂತ ಒಂದು ಕೈ ಮೇಲು. ಮಾಟ ಅಲ್ಲ ಸಾರ್, ಕಲೆ ಅಂದೆ. ಹಾಗಂದಾಗ ನನ್ನ ದನಿ ನನಗೇ ಸುಳ್ಳು ಅನ್ನಿಸಿತು. ಅರ್ಧ ಗಂಟೆ ಮಾತಾಡಿ ಅವನನ್ನು ಒಪ್ಪಿಸಿದೆ. ಫೋನ್ ಇಟ್ಟ ಮೇಲೆ ಮಾತ್ರ ಯೋಚನೆ ಹತ್ತಿತು. ಕೆಂಪು ದಾರ ಯಾಕೆ? ಮಣ್ಣು ಯಾಕೆ?

ಸಂಕ್ರಾಂತಿ ಕಳೆದ ಮೇಲೆ ಅವಳೇ ಬಂದು ಕರೆದಳು. ಜಯನಗರದಲ್ಲಿ ಒಂದು ಹಳೆಯ ಮನೆಯನ್ನು ಪ್ರದರ್ಶನದ ಜಾಗ ಮಾಡಿದ್ದಾರೆ, ನಾಲ್ಕೈದು ಜನ ಕಲಾವಿದರು ಸೇರಿ ಇಟ್ಟಿದ್ದಾರೆ, ನೀವು ಬರಲೇಬೇಕು ಸರ್ ಅಂದಳು. ಭಾನುವಾರ ಬೆಳಿಗ್ಗೆ ಹೋದೆ. ಸನ್ಮಾನಕ್ಕೆ ಹೋದೆ ಅಂದುಕೊಳ್ಳಬೇಡಿ, ತಪಾಸಣೆಗೆ ಹೋದೆ.

ಮುಂದಿನ ಕೋಣೆಯಲ್ಲಿ ಬಟ್ಟೆ ಹ್ಯಾಂಗರುಗಳನ್ನು ಬಗ್ಗಿಸಿ ಕಟ್ಟಿದ ಒಂದು ಪಕ್ಕೆಲುಬಿನ ಗೂಡು. ಅದರೊಳಗೆ ಬಲ್ಬು. ಪಕ್ಕದಲ್ಲಿ ಬಸ್ ಟಿಕೆಟ್ ಅಂಟಿಸಿ ಮಾಡಿದ ಬೆನ್ನು. ಎಕ್ಸ್‌ರೇ ಹಾಳೆಗಳನ್ನು ಹೊಲಿದು ಮಾಡಿದ ಕಿಟಕಿ ಪರದೆ, ಅದರಲ್ಲಿ ಯಾರದೋ ಶ್ವಾಸಕೋಶದ ಮೇಲೆ ಬಿಸಿಲು ಬಿದ್ದಿತ್ತು. ಪ್ರತಿಯೊಂದರ ಕೆಳಗೂ ಒಂದು ಕಾರ್ಡು. ಆ ಮನೆಯಲ್ಲಿ ಯಾವ ಅಂಗವೂ ತಾನು ತಾನಾಗಿ ಇರಲಿಲ್ಲ. ಬೆನ್ನು ಅಂದರೆ ದಾರಿಯಂತೆ, ಪಕ್ಕೆಲುಬು ಅಂದರೆ ಪಂಜರವಂತೆ, ಎದೆ ಅಂದರೆ ಬಾಡಿಗೆ ಮನೆಯಂತೆ. ಇವರಲ್ಲಿ ಒಬ್ಬರಿಗಾದರೂ ಬೆನ್ನುನೋವು ಬಂದರೆ ದಾರಿ ನೋಯುತ್ತಿದೆ ಅನ್ನುತ್ತಾರೋ, ಮುಲಾಮು ಹಚ್ಚಿಕೊಳ್ಳುತ್ತಾರೋ ನೋಡಬೇಕು ಅಂದುಕೊಂಡೆ. ಇಬ್ಬರು ಹುಡುಗರು ಸಖತ್ತಾಗಿದೆ ಮಗಾ ಅಂದುಕೊಂಡು ಪಕ್ಕೆಲುಬಿನ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ನನ್ನ ಹನ್ನೆರಡು ಅಚ್ಚುಗಳು ಹಿಂದಿನ ಕೋಣೆಯಲ್ಲಿದ್ದವು. ಉದ್ದನೆಯ ಮರದ ಹಲಗೆಯ ಮೇಲೆ ಮಣ್ಣು ಹಾಸಿ, ಸಾಲಾಗಿ ನಿಲ್ಲಿಸಿದ್ದಳು. ಬೇಗೂರಿನ ಕೆರೆ ಮಣ್ಣು ಒಂದು ಕಡೆ, ತಲಘಟ್ಟಪುರದ ಕೆಂಪು ಮಣ್ಣು ಇನ್ನೊಂದು ಕಡೆ. ಪೆನ್ಸಿಲ್ ಗೆರೆ ಇದ್ದಲ್ಲೆಲ್ಲ ಅದರ ಮೇಲೇ ಸಣ್ಣ ಕೆಂಪು ದಾರವನ್ನು ಅಂಟಿನಿಂದ ಕೂರಿಸಿದ್ದಳು. ಆಕಾರ ಕೆಡಿಸಿರಲಿಲ್ಲ. ಅದನ್ನು ನೋಡಿ ನನಗೆ ಸ್ವಲ್ಪ ನಿರಾಸೆಯೇ ಆಯಿತು, ಬಯ್ಯಲು ತಯಾರಾಗಿ ಹೋಗಿದ್ದೆನಲ್ಲ. ಕಾರ್ಡಿನಲ್ಲಿ, ಕಡಿದ ಮೇಲೂ ಊರು ತನ್ನ ದಿಬ್ಬಗಳನ್ನು ನೆನಪಿಟ್ಟುಕೊಳ್ಳುತ್ತದೆ ಅಂತೇನೋ ಬರೆದಿತ್ತು. ಅದಕ್ಕೆ ಬಯ್ಯಬಹುದಿತ್ತು. ಕಾಲು ಕಳೆದುಕೊಂಡವನ ಸಂಕಟ ಎಲ್ಲಿ, ಲೇಔಟ್ ಮಾಡಿದ ಗದ್ದೆ ಎಲ್ಲಿ. ನಮ್ಮ ಜರಗನಹಳ್ಳಿಯ ಗದ್ದೆಗಳೂ ಮನೆಗಳಾದವು, ಅದರಿಂದ ಯಾರಿಗೂ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವುದು ಕಷ್ಟವಾಗಲಿಲ್ಲ.

ಹನ್ನೊಂದು ಅಚ್ಚುಗಳು ಒಂದೇ ಸಾಲಿನಲ್ಲಿದ್ದವು. ಹನ್ನೆರಡನೆಯದನ್ನು ಬೇರೆಯಾಗಿ, ಮುಂದೆ, ಎತ್ತರದ ಪೀಠದ ಮೇಲೆ ಇಟ್ಟಿದ್ದಳು. ಅದಕ್ಕೊಂದು ಪ್ರತ್ಯೇಕ ದೀಪ. ಅದರ ಹೊರಬದಿಯಲ್ಲಿ, ಮಂಡಿಯ ಸ್ವಲ್ಪ ಕೆಳಗೆ, ನೇರಳೆ ಪೆನ್ಸಿಲಿನ ಒಂದು ದುಂಡು ಗುರುತು. ಆ ದುಂಡಿನೊಳಗೆ ಗೀರಿದ ಜಾಗದಲ್ಲೆಲ್ಲ ಅಡ್ಡಡ್ಡ ಉದ್ದುದ್ದ ಕೆಂಪು ದಾರ, ಒತ್ತೊತ್ತಾಗಿ, ಸಣ್ಣ ಬಲೆಯ ಹಾಗೆ. ಹುಡುಗಿ ಬಂದು ಪಕ್ಕದಲ್ಲಿ ನಿಂತಳು. ನನ್ನ ಮುಖದಲ್ಲಿ ಏನೋ ಹುಡುಕುತ್ತಿದ್ದಳು.

"ಸರ್, ಒಂದ್ ಮಾತು ಕೇಳಬೇಕಿತ್ರಿ. ಉಳಿದದ್ದರ ಮ್ಯಾಲೆಲ್ಲಾ ಬರೇ ಗೆರಿ ಅದಾವ. ಇದೊಂದರ ಮ್ಯಾಲ ಮಾತ್ರ ಹಿಂಗ್ಯಾಕ ಗೀರೀರಿ?"

ಒಣಗಿದ ಅಚ್ಚಿನ ಮೇಲೆ ಹೊಸ ಪ್ಲಾಸ್ಟರ್ ಕಚ್ಚುವುದಿಲ್ಲ. ಅದಕ್ಕೇ ದಿಬ್ಬ ಮಾಡುವ ಮುಂಚೆ ಆ ಜಾಗವನ್ನು ಚಾಕುವಿನಿಂದ ಅಡ್ಡ ಉದ್ದ ಗೀರಿ, ನೀರು ಕುಡಿಸಿ, ಆಮೇಲೆ ಮೆತ್ತುತ್ತೇವೆ. ಹನ್ನೊಂದು ಅಚ್ಚುಗಳಲ್ಲೂ ಗೀರುಗಳಿವೆ. ಅವು ದಿಬ್ಬದ ಅಡಿಯಲ್ಲಿ ಮುಚ್ಚಿಹೋಗಿವೆ. ಇದೊಂದರಲ್ಲಿ ಗೀರು ಕಾಣುತ್ತಿದೆ ಅಂದರೆ, ಅದರ ಮೇಲೆ ದಿಬ್ಬ ಇಲ್ಲ. ನಾನು ಮೆತ್ತಿಲ್ಲ. ಗೀರಿದ್ದೇನೆ, ಅಷ್ಟರಲ್ಲಿ ಯಾರೋ ಕರೆದಿರಬೇಕು, ಊಟಕ್ಕೆ ಎದ್ದಿರಬೇಕು, ವಾಪಸ್ ಬಂದು ಆ ಕೆಲಸ ಆಗಿದೆ ಅಂದುಕೊಂಡು ಮುಂದಿನದಕ್ಕೆ ಕೈ ಹಾಕಿದ್ದೇನೆ. ಆ ದುಂಡು ಗುರುತಿನ ಕೆಳಗೆ ಒಂದು ಸಣ್ಣ ಮೂಳೆಯ ಗಂಟು ಇರುತ್ತದೆ, ಅದರ ಹಿಂದೆಯೇ ನರ ಹಾದುಹೋಗುತ್ತದೆ. ಅಲ್ಲಿ ಗುಳಿ ಇಲ್ಲದ ಕಾಲನ್ನು ಹಾಕಿಕೊಂಡರೆ ಬೆಂಕಿ ಇಟ್ಟ ಹಾಗೇ ಉರಿಯುತ್ತದೆ.

ಅಚ್ಚಿನ ಮುಂಭಾಗದಲ್ಲಿ ಓರೆಯಾದ ಒಂದು ಗಾಯದ ಗುರುತಿತ್ತು. ನಂಬರ್ ಕೆರೆದು ತೆಗೆದಿದ್ದರೇನಂತೆ, ಕಾಲು ನೋಡಿ ಆಳನ್ನು ಗುರುತು ಹಿಡಿಯುವ ಕಸುಬು ನನ್ನದು. ಅದು ಇಸ್ತ್ರಿಯವನದು.

ನನಗೆ ಮೊದಲು ಬಂದ ಯೋಚನೆ ಏನು ಗೊತ್ತೆ? ಇವಳಿಗೆ ಎಲ್ಲ ಗೊತ್ತಿದೆ. ಅವನು ದೂರು ಕೊಟ್ಟಿದ್ದಾನೆ, ಇವಳನ್ನು ಕಳಿಸಿದವರು ಬೇರೆ ಯಾರೋ ಇದ್ದಾರೆ, ಇದು ನನಗೆ ಅಂತಲೇ ಇಟ್ಟ ಬೋನು. ದೀಪ ಹಾಕಿ ಎತ್ತರಕ್ಕೆ ಇಟ್ಟಿದ್ದಾಳಲ್ಲ. ಅವಳ ಕೈಯಲ್ಲಿ ಫೋನ್ ಇತ್ತು. ಅದು ರೆಕಾರ್ಡ್ ಆಗುತ್ತಿದೆಯೋ ಅಂತ ನೋಡಿದೆ. ಸ್ಕ್ರೀನ್ ಆರಿತ್ತು. ಅವಳ ಕಣ್ಣಲ್ಲಿ ಕುತೂಹಲ ಬಿಟ್ಟರೆ ಏನೂ ಇರಲಿಲ್ಲ. ಆ ಗೀರುಗಳು ಚೆನ್ನಾಗಿ ಕಂಡಿವೆ, ಅದಕ್ಕೆ ಎತ್ತರಕ್ಕೆ ಇಟ್ಟಿದ್ದಾಳೆ. ಅಷ್ಟೇ ವಿಷಯ.

ಆದರೂ ನಾನು ನಿಜ ಹೇಳಲಿಲ್ಲ. ಅದು ಹಾಗೇ, ಕೆಲಸದ ಗುರುತು ಅಂದೆ. ಅವಳು ತಲೆಯಾಡಿಸಿ, ಕೆಲಸದ ಗುರುತು ಅನ್ನುವುದು ಎಷ್ಟು ಒಳ್ಳೆಯ ಮಾತು ಅಂತ ಫೋನಿನಲ್ಲಿ ಬರೆದುಕೊಂಡಳು. ನಾನು ಕಾಫಿಗೂ ನಿಲ್ಲದೆ ಹೊರಟುಬಂದೆ.

ಮಧ್ಯಾಹ್ನ ಅನ್ನ ಕಲಸಿಟ್ಟುಕೊಂಡು ಕೂತೆ, ತಿನ್ನಲಾಗಲಿಲ್ಲ. ಹೆಂಡತಿ ಏನಾಯ್ತು ಅಂದಳು. ಹೇಳಿದೆ. ಅವಳು ಹಂಗಿಸುತ್ತಾಳೆ ಅಂದುಕೊಂಡಿದ್ದೆ. ಹಂಗಿಸಲಿಲ್ಲ. ಅವನು ಬಂದಾಗ ನೀವು ಮುಟ್ಟಿ ನೋಡಲಿಲ್ಲವಾ ಅಂತ ಮಾತ್ರ ಕೇಳಿದಳು.

ಮುಟ್ಟಿ ನೋಡಿರಲಿಲ್ಲ. ನಾಲ್ಕು ಸಲ ಬಂದಿದ್ದಾನೆ. ಆ ಕಾಲಿನೊಳಗೆ ಒಂದು ಬೆರಳು ಹಾಕಿ ತಡವಿದ್ದರೆ ಗುಳಿ ಇಲ್ಲ ಅಂತ ಗೊತ್ತಾಗುತ್ತಿತ್ತು. ಇನ್ನೂ ಸುಲಭದ ದಾರಿಯೂ ಇದೆ. ನಮ್ಮ ಡ್ರಾಯರಿನಲ್ಲಿ ಒಂದು ಲಿಪ್‌ಸ್ಟಿಕ್ ಇಟ್ಟಿರುತ್ತೇವೆ. ನೋವು ಅಂದ ಜಾಗಕ್ಕೆ ಅದನ್ನು ಹಚ್ಚಿ ಕಾಲು ಹಾಕಿಸಿ ನಿಲ್ಲಿಸಿದರೆ, ಎಲ್ಲಿ ಒತ್ತುತ್ತದೆ ಅಂತ ಬಣ್ಣವೇ ಒಳಗೆ ಅಂಟಿ ತೋರಿಸುತ್ತದೆ. ಎರಡು ನಿಮಿಷದ ಕೆಲಸ. ನಾನು ಅವನ ಕಾಲು ನೋಡುವ ಬದಲು ಮುಖ ನೋಡುತ್ತಿದ್ದೆ. ನನಗೆ ನಾಚಿಕೆಯಾಯಿತು. ಬರಿ ನಾಚಿಕೆ ಅಂದರೆ ಸಾಲದು, ನನ್ನ ಮೇಲೆ ನನಗೇ ಅಸಹ್ಯವಾಯಿತು. ದೇಹ ಅಂದರೆ ಊರು ಅನ್ನುವ ಹುಡುಗಿಯನ್ನು ನೋಡಿ ನಕ್ಕಿದ್ದೆ. ನಾನು ಮಾಡಿದ್ದೂ ಅದೇ ಅಲ್ಲವೇ? ಅವನ ಉರಿಯನ್ನು ಉರಿ ಅಂತ ತಿಳಿಯದೆ, ಅದು ಸೋಮಾರಿತನ ಅಂತ ಓದಿಕೊಂಡೆ. ಅವಳ ಕಾರ್ಡಿನಿಂದ ಯಾರ ಕಾಲೂ ಉರಿಯಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹೊಂಗೆಮರದ ಹತ್ತಿರ ಸ್ಕೂಟರ್ ನಿಲ್ಲಿಸಿದೆ. ಅವನು ಒಬ್ಬನೇ ಇದ್ದ. ಹೆಂಡತಿ ಎದುರಿನ ಅಪಾರ್ಟ್‌ಮೆಂಟಿಗೆ ಬಟ್ಟೆ ಕೊಡಲು ಹೋಗಿದ್ದಳು. ನನ್ನನ್ನು ನೋಡಿದ ಕೂಡಲೇ ಮಡಚುತ್ತಿದ್ದ ಷರಟನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಕಾಲು ವಾಪಸ್ ತಗೊಂಡು ಹೋಗೋಕೆ ಬಂದ್ರಾ ಸಾರ್? ಮನೇಲಿದೆ. ಹಾಳು ಮಾಡಿಲ್ಲ."

ಅದಕ್ಕಲ್ಲ ಅಂದೆ. ನಿಂತೇ ಹೇಳಿದೆ, ಕೂತರೆ ಹೇಳಲಾಗುತ್ತಿರಲಿಲ್ಲ. ಕಾಲು ಸರಿಯಾಗಿರಲಿಲ್ಲ, ಅದರಲ್ಲಿ ಮಾಡಬೇಕಾದ ಒಂದು ಕೆಲಸವನ್ನು ನಾನು ಮಾಡಿರಲಿಲ್ಲ, ನೀನು ಹೇಳಿದ ಜಾಗದಲ್ಲೇ ತಪ್ಪಿದೆ, ನಿನ್ನ ನೋವು ನಿಜ, ಹೊಸದು ಮಾಡಿಕೊಡುತ್ತೇನೆ ಅಂದೆ. ಅವನು ನಂಬಲಿಲ್ಲ. ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೋ ಅಂತ ನೋಡಿದ. ಮೇಲಿನವರು ಯಾರಾದರೂ ನಿಮ್ಮನ್ನು ಕೇಳಿದರೇ ಅಂದ. ಏನಾದರೂ ಸೈನ್ ಹಾಕಬೇಕೇ ಅಂದ. ಫೋಟೊ ತೆಗೆಯುತ್ತೀರಾ ಅಂದ. ನನ್ನ ಅನುಮಾನಗಳನ್ನೆಲ್ಲ ಅವನು ಒಂದೊಂದಾಗಿ ನನಗೇ ವಾಪಸ್ ಕೊಡುತ್ತಿದ್ದ. ಯಾವುದೂ ಇಲ್ಲಪ್ಪ ಅಂದೆ. ಹಾಗಾದರೆ ಈಗ ಯಾಕೆ ಬಂದಿರಿ ಅಂತ ಕೇಳಿದ. ಅಚ್ಚು, ಹುಡುಗಿ, ಕೆಂಪು ದಾರ, ಎಲ್ಲವನ್ನೂ ಹೇಳಿದೆ. ತನ್ನ ಕಾಲಿನ ಅಚ್ಚನ್ನು ದೀಪ ಹಾಕಿ ಇಟ್ಟಿದ್ದಾರೆ ಅನ್ನುವುದು ಅವನಿಗೆ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಗೀರಿನ ವಿಷಯ ಬಂದಾಗ ಮಾತ್ರ ಎರಡು ಸಲ ಕೇಳಿ ತಿಳಿದುಕೊಂಡ.

"ಇದನ್ನ ಅವಳ ಮುಂದೆ ಹೇಳಿ ಸಾರ್," ಅಂದ.

ಇಬ್ಬರೂ ಕಾದೆವು. ಅವನು ಆ ಷರಟನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. ಹತ್ತು ನಿಮಿಷವಾಗಿರಬಹುದು, ಅವಳು ಖಾಲಿ ಬೆಡ್‌ಶೀಟ್ ಹೆಗಲ ಮೇಲೆ ಹಾಕಿಕೊಂಡು ಗೇಟು ದಾಟಿ ಬಂದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, ಬಂದ್ರಾ ಸಾರ್, ಇವರಿಗೆ ಸ್ವಲ್ಪ ಬುದ್ಧಿ ಹೇಳಿ ಅಂದಳು. ನಾನು ಅದೇ ಮಾತುಗಳನ್ನು ಮತ್ತೆ ಹೇಳಿದೆ. ಅವನಿಗೆ ಹೇಳುವಾಗ ಇಷ್ಟು ಕಷ್ಟವಾಗಿರಲಿಲ್ಲ. ಅವತ್ತು ನಿಮ್ಮ ಹತ್ತಿರ ಹೇಳಿದ್ದು ಸುಳ್ಳಮ್ಮ, ಇವರಿಗೆ ಮನಸ್ಸಿತ್ತು, ಕಾಲು ಸರಿ ಇರಲಿಲ್ಲ ಅಂದೆ.

ಅವಳು ಗಂಡನನ್ನು ನೋಡಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಹಿಡಿ ಹಿಡಿದುಕೊಂಡು ನಿಂತಳು.

"ದಿನಾ ಬೆಳಿಗ್ಗೆ ಆ ಕಾಲು ಹಾಕಿಸಿ ಅರ್ಧ ಗಂಟೆ ನಿಲ್ಲಿಸ್ತಿದ್ದೆ ಸಾರ್. ಗಡಿಯಾರ ನೋಡ್ಕೊಂಡು. ಕೂತ್ಕೊಂಡ್ರೆ ಬೈತಿದ್ದೆ. ನೀವು ಹೇಳಿದ್ರಲ್ಲ ಮನಸ್ಸಿಲ್ಲ ಅಂತ, ಅದಕ್ಕೆ."

ಬಿಡು, ಕೆಂಡ ಆರ್ತಿದೆ ನೋಡು, ಅಂತ ಅವನೇ ಅವಳಿಗೆ ಹೇಳಿದ. ಬುಧವಾರ ಬರಲು ಹೇಳಿ ಹೊರಟೆ.

ಅಂದೇ ಸಂಜೆ ಆ ಹುಡುಗಿಗೆ ಫೋನ್ ಮಾಡಿ ಗೀರಿನ ನಿಜ ಹೇಳಿದೆ. ಯಾರ ಕಾಲು ಅಂತ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಂಡಳು. ಅದನ್ನು ತೆಗೆದುಬಿಡಲೇ ಅಂದಳು. ಬೇಡ, ಇರಲಿ ಅಂದೆ. ಕಾರ್ಡಿನ ಮೇಲೆ ಬರೆದದ್ದು ಈಗ ತನಗೇ ಸುಳ್ಳು ಅನ್ನಿಸುತ್ತಿದೆ, ಏನು ಬರೆಯಲಿ ಅಂತ ಕೇಳಿದಳು. ಕಾಲು ಅಂತ ಬರಿಯಮ್ಮ ಅಂದೆ.

ಬುಧವಾರ ಇಬ್ಬರೂ ಬಂದರು. ಅವನು ಎತ್ತರದ ಬೆಂಚಿನ ಮೇಲೆ ಕೂತ, ಅವಳು ಗೋಡೆ ಪಕ್ಕ ನಿಂತಳು. ನಾನು ಸ್ಟೂಲು ಎಳೆದುಕೊಂಡು ಅವನ ಕಾಲಿನ ಮುಂದೆ ಕೂತೆ. ಮಂಡಿಯ ಕೆಳಗೆ ಹೊರಬದಿಯಲ್ಲಿ ಚರ್ಮ ಕಪ್ಪಾಗಿ, ದಪ್ಪವಾಗಿ, ಆಣಿಯ ಹಾಗೆ ಗಟ್ಟಿಯಾಗಿತ್ತು. ಹತ್ತಿಯ ಚೀಲ ಹಾಕಿ, ಬೆರಳಿನಿಂದ ಮೂಳೆಯ ಗಂಟನ್ನು ಹುಡುಕಿ, ಅದರ ಮೇಲೆ ಮೆಲ್ಲಗೆ ಒತ್ತಿದೆ.

"ಇಲ್ಲಿ ನೋವಾಗುತ್ತಾ?"

ಅವನು ಮೊದಲು ಹೆಂಡತಿಯ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ಇಲ್ಲ ಸಾರ್. ಏನೂ ನೋವಿಲ್ಲ."

ಅವನ ಕೈಗಳು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ನಾನು ಪೆನ್ಸಿಲ್ ಕೆಳಗಿಟ್ಟು, ಅವನು ನಿಜ ಹೇಳುವವರೆಗೂ ಕಾಯುತ್ತಾ ಕೂತೆ.